ನಮಗಾಗಿ ಮಾಡಿಟ್ಟ ದೇಶ ಅಲ್ಲ ಅದು

ಶಿರಸಿಯ ಓದುಗರೊಬ್ಬರು ಆರು ಪುಟದ ಪತ್ರ ಬರೆದಿದ್ದಾರೆ. ದಸರಾ ರಜೆಯಲ್ಲಿ ಗಂಡ ಹೆಂಡತಿ ಚೀನಾಕ್ಕೆ ಹೋಗಿ ಬಂದರಂತೆ. ಹನ್ನೆರಡು ದಿನದಲ್ಲಿ ಐದು ಊರು: ಬೀಜಿಂಗ್, ಶಿಯಾನ್, ಚೆಂಗ್ಡು, ಗುಯಿಲಿನ್, ಶಾಂಘೈ. ಪತ್ರದ ತುಂಬ ಬೇಸರವೇ. ಅಂಗಡಿಗಳಲ್ಲಿ ಕಾರ್ಡ್ ನಡೆಯಲಿಲ್ಲ. ಫೋನಿನಲ್ಲಿ ಗೂಗಲ್ ತೆರೆಯಲಿಲ್ಲ. ಇಂಗ್ಲಿಷ್ ಯಾರಿಗೂ ಬಾರದು. ತರಕಾರಿ ಎಂದು ತಂದಿಟ್ಟ ತಟ್ಟೆಯಲ್ಲಿ ಮಾಂಸದ ಚೂರು. ಮಹಾಗೋಡೆಯ ಮೇಲೆ ಕಾಲಿಡಲು ಜಾಗ ಇಲ್ಲ. ಅರ್ಧ ದಿನವೆಲ್ಲ ವಿಮಾನ ನಿಲ್ದಾಣದಲ್ಲೇ ಕಳೆಯಿತು. ಕೊನೆಗೆ ಹೀಗೆ ಕೇಳಿದ್ದಾರೆ: "ಇಷ್ಟು ದುಡ್ಡು ಹಾಕಿ ಹೋಗಬೇಕಿತ್ತೇ? ಯಾಣದ ಬಂಡೆ ನೋಡಿಕೊಂಡು ಸುಮ್ನೆ ಇದ್ದಿದ್ದರೆ ಆಗುತ್ತಿತ್ತಲ್ವಾ? ಮುಂದಿನ ವರ್ಷ ನನ್ನ ತಮ್ಮ ಹೊರಟಿದ್ದಾನೆ. ಅಡಿಕೆ ತೋಟ ಮಾಡಿಕೊಂಡಿರುವವನು. ಬೇಡ ಎನ್ನಲೇ?" ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

ಮಾನ್ಯರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಬರೆದ ಒಂದೊಂದು ತೊಂದರೆಯೂ ನಿಜ. ಹೋಗಿ ಬಂದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ದುಡ್ಡಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಅಲ್ಲಿ ಸೊಪ್ಪು ಮಾರುವ ಅಜ್ಜಿಯೂ ಅಲಿಪೇ, ವಿಚಾಟ್ ಎಂಬ ಫೋನಿನ ಆ್ಯಪ್‌ಗಳಲ್ಲೇ ದುಡ್ಡು ತೆಗೆದುಕೊಳ್ಳುವುದು. 2023ರಿಂದ ಹೊರದೇಶದ ಬ್ಯಾಂಕುಗಳ ವೀಸಾ, ಮಾಸ್ಟರ್ ಕಾರ್ಡ್‌ಗಳನ್ನೂ ಅದಕ್ಕೆ ಜೋಡಿಸಬಹುದು. ಆದರೆ ಆ ಕೆಲಸವನ್ನು ಊರಲ್ಲೇ ಕೂತು ಮುಗಿಸಿಕೊಂಡು ಹೋಗಬೇಕು. ಬ್ಯಾಂಕಿನ ಒಟಿಪಿ ಬರುವ ಸಿಮ್ ಚಾಲೂ ಇರಬೇಕು. ನಮ್ಮ ಸಿಮ್‌ಗೆ ರೋಮಿಂಗ್ ಹಾಕಿಸಿಕೊಂಡರೆ ಗೂಗಲ್, ವಾಟ್ಸ್ಯಾಪ್ ಕೂಡ ಸಾಮಾನ್ಯವಾಗಿ ನಡೆಯುತ್ತವೆ. ಹೋಟೆಲಿನ ವೈಫೈ ನಂಬಿಕೊಂಡರೆ ನಡೆಯುವುದಿಲ್ಲ. ಇದನ್ನು ನಿಮಗೆ ಟಿಕೆಟ್ ಮಾಡಿಕೊಟ್ಟವರು ಮೊದಲೇ ಹೇಳಬೇಕಿತ್ತು.

ಇನ್ನು ಜನಜಂಗುಳಿ. ಅಕ್ಟೋಬರ್ 1 ಅವರ ರಾಷ್ಟ್ರದಿನ. ಅಲ್ಲಿಂದ ಒಂದು ವಾರ ಇಡೀ ದೇಶಕ್ಕೆ ರಜೆ. ನೀವು ಸರಿಯಾಗಿ ಅದೇ ವಾರ ಹೋಗಿದ್ದೀರಿ. ಮಾರಿಕಾಂಬಾ ಜಾತ್ರೆಯ ದಿನ ಶಿರಸಿಗೆ ಬಂದವರು ಈ ಊರಲ್ಲಿ ನಡೆಯಲು ದಾರಿಯೇ ಇಲ್ಲ ಎಂದ ಹಾಗಾಯಿತು.

ಆದರೆ ನಿಮ್ಮ ಬೇಸರದ ಬೇರು ಇದಕ್ಕಿಂತ ಆಳದಲ್ಲಿದೆ ಅನ್ನಿಸಿತು. ಚೀನಾ ಪ್ರವಾಸಿಗರಿಗಾಗಿ ಮಾಡಿಟ್ಟ ದೇಶ ಅಲ್ಲ. ತನ್ನ 140 ಕೋಟಿ ಜನಕ್ಕಾಗಿ ನಡೆಯುವ ದೇಶ. ರೈಲು, ದುಡ್ಡು, ಬೋರ್ಡು, ಊಟ ಎಲ್ಲ ಅವರ ಅನುಕೂಲಕ್ಕೆ ಇರುವುದು. ಹೊರಗಿನವರು ನಡುವೆ ಹೇಗೋ ಹೊಂದಿಕೊಳ್ಳಬೇಕು. ಇದು ಕಷ್ಟ, ಒಪ್ಪುತ್ತೇನೆ. ಆದರೆ ಅಲ್ಲಿಗೆ ಹೋಗುವುದರ ಲಾಭವೂ ಇದೇ. ನಮಗೆಂದು ಯಾರೂ ಏನನ್ನೂ ಅಲಂಕರಿಸಿ ಇಟ್ಟಿರುವುದಿಲ್ಲ. ಆ ಜನ ಬದುಕುವ ರೀತಿಯೇ ಕಣ್ಣೆದುರು ಇರುತ್ತದೆ.

ಗೋಕರ್ಣದ ಬಸ್ ಸ್ಟ್ಯಾಂಡಿನಲ್ಲಿ ಬೆನ್ನಿಗೆ ದೊಡ್ಡ ಚೀಲ ಹೊತ್ತ ವಿದೇಶಿಯರನ್ನು ನೀವೂ ನೋಡಿರುತ್ತೀರಿ. ಬಸ್ಸಿನ ಬೋರ್ಡು ಕನ್ನಡದಲ್ಲಿದೆ. ಅವರಿಗೆ ಕುಮಟಾ ಯಾವುದು, ಅಂಕೋಲಾ ಯಾವುದು ತಿಳಿಯದು. ಬಾಳೆಹಣ್ಣಿಗೆ ಐನೂರರ ನೋಟು ಕೊಟ್ಟರೆ ಚಿಲ್ಲರೆ ಇಲ್ಲ. ಯುಪಿಐಗೆ ಸಾಮಾನ್ಯವಾಗಿ ಇಲ್ಲಿಯ ಬ್ಯಾಂಕ್ ಖಾತೆ ಬೇಕು. ಕೊನೆಗೆ ಕಂಡಕ್ಟರ್ ಕೈಹಿಡಿದು ಹತ್ತಿಸಿ, ಸೀಟು ತೋರಿಸಿ, ಇಳಿಯುವ ಜಾಗ ಬಂದಾಗ ಕೂಗಿ ಹೇಳುತ್ತಾನೆ. ಅವರು ತಮ್ಮೂರಿಗೆ ಹೋಗಿ ಏನು ಬರೆಯುತ್ತಾರೆ? ಚಿಲ್ಲರೆ ಸಿಗದ್ದೋ, ಕಂಡಕ್ಟರನದ್ದೋ? ನಿಮ್ಮ ನಾಲ್ಕನೇ ಪುಟದಲ್ಲಿ ಎರಡೇ ಸಾಲಿನಲ್ಲಿ ಒಂದು ಮಾತಿದೆ: ಚೆಂಗ್ಡುವಿನಲ್ಲಿ ಹುಡುಗಿಯೊಬ್ಬಳು ತನ್ನ ಬಸ್ಸು ಬಿಟ್ಟು, ಮಳೆಯಲ್ಲಿ ನಿಮ್ಮನ್ನು ಹೋಟೆಲ್ ಬಾಗಿಲ ತನಕ ಬಿಟ್ಟು ಹೋದಳು. ಅವಳ ಬಗ್ಗೆ ಒಂದು ಪುಟ ಬರೆದಿದ್ದರೆ ನಾನು ಹಾಗೆಯೇ ಅಚ್ಚು ಹಾಕುತ್ತಿದ್ದೆ.

ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಸಂಕಟವಾಗಿದ್ದು ಒಂದು ಕಡೆ. ಶಿಯಾನ್‌ನಿಂದ ಚೆಂಗ್ಡುವಿಗೆ ನೀವು ವಿಮಾನದಲ್ಲಿ ಹೋಗಿದ್ದೀರಿ. ಆ ದಾರಿಯಲ್ಲಿ 2017ರ ಕೊನೆಯಿಂದ ವೇಗದ ರೈಲು ಓಡುತ್ತಿದೆ. ಸುಮಾರು 650 ಕಿ.ಮೀ., ನಾಲ್ಕು ಗಂಟೆ. ನಡುವೆ ಚಿನ್‌ಲಿಂಗ್ ಪರ್ವತಸಾಲು. ರೈಲು ಸುರಂಗದ ಮೇಲೆ ಸುರಂಗ ದಾಟುತ್ತದೆ. ಆ ಪರ್ವತವೇ ಚೀನಾದ ಉತ್ತರ ದಕ್ಷಿಣಗಳ ಗಡಿ. ಉತ್ತರದ ಚಳಿಗಾಳಿಯನ್ನು ಅದು ತಡೆಯುತ್ತದೆ. ದಕ್ಷಿಣದ ಮಳೆ ಮೋಡವನ್ನೂ ತಡೆಯುತ್ತದೆ. ಹಾಗಾಗಿ ಉತ್ತರಕ್ಕೆ ಗೋಧಿ, ದಕ್ಷಿಣಕ್ಕೆ ಭತ್ತ. ಬೆಳಿಗ್ಗೆ ಶಿಯಾನ್‌ನಲ್ಲಿ ದಪ್ಪ ರೊಟ್ಟಿ, ಅಗಲ ನೂಡಲ್ಸ್ ತಿಂದು ಹತ್ತಿದವರು ಮಧ್ಯಾಹ್ನ ಚೆಂಗ್ಡುವಿನಲ್ಲಿ ಅನ್ನ ಉಣ್ಣುತ್ತಾರೆ. ನಮ್ಮಲ್ಲಿ ಕಾರವಾರದಿಂದ ಹೊರಟವರಿಗೆ ಇದನ್ನು ವಿವರಿಸಬೇಕಿಲ್ಲ. ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ ದಾಟಿ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಗಂಜಿ ಹೋಗಿ ಜೋಳದ ರೊಟ್ಟಿ ಬಂದಿರುತ್ತದೆ. ಮಣ್ಣಿನ ಬಣ್ಣ, ಮನೆಯ ಮಾಡು, ಮಾತಿನ ಧಾಟಿ ಎಲ್ಲ ಬದಲಾಗಿರುತ್ತದೆ. ಭಾರತದ ಸುಮಾರು ಮೂರು ಪಟ್ಟು ದೊಡ್ಡದಾದ ದೇಶದಲ್ಲಿ ಈ ಬದಲಾವಣೆಯನ್ನು ಕಿಟಕಿ ಪಕ್ಕ ಕೂತು ನೋಡುವ ಅವಕಾಶ ಇತ್ತು. ಅದು ನಿಮ್ಮ ಕೈತಪ್ಪಿತಲ್ಲ ಎಂದು ಬೇಸರವಾಯಿತು.

ಊಟದ ದೂರು ಹೊಸದಲ್ಲ. 14ನೇ ಶತಮಾನದಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ದೆಹಲಿಯ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಾಕ್ಕೇ ಹೊರಟಿದ್ದ. ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಹಡಗು ಒಡೆಯಿತು, ಉಡುಗೊರೆಯೆಲ್ಲ ಹೋಯಿತು. ದೆಹಲಿಗೆ ಬರಿಗೈಯಲ್ಲಿ ಮರಳಲು ಹೆದರಿ ನಮ್ಮ ಹೊನ್ನಾವರಕ್ಕೆ ಬಂದು ನಿಂತ. ಅವನ ಪಾಲಿಗೆ ನಾವೇ ಆ ಪರದೇಶ. ಅರಸನ ಮನೆಯಲ್ಲಿ ಅನ್ನ, ತುಪ್ಪ, ಕಾಳುಮೆಣಸು ಶುಂಠಿ ಲಿಂಬೆ ಮಾವಿನ ಉಪ್ಪಿನಕಾಯಿ, ಕೊನೆಗೆ ಮೊಸರು. ನಮಗೆ ಬಾಯಲ್ಲಿ ನೀರು ಬರುತ್ತದೆ. ಅವನಿಗೋ, ಹನ್ನೊಂದು ತಿಂಗಳು ರೊಟ್ಟಿಯೇ ಸಿಗಲಿಲ್ಲ ಎಂಬ ಕೊರಗು. ಆದರೆ ಅದೇ ಮನುಷ್ಯ ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆ ಇದ್ದದ್ದನ್ನೂ ಎಣಿಸಿ ಬರೆದಿಟ್ಟ. ಇಂಥದ್ದನ್ನು ಬೇರೆಲ್ಲೂ ನೋಡಿಲ್ಲ ಎಂದ. ಒಂದೇ ಊರಿನಲ್ಲಿ ತಿಂಗಳುಗಟ್ಟಲೆ ಇದ್ದವನ ಕಣ್ಣಿಗೆ ಮಾತ್ರ ಬೀಳುವ ಸಂಗತಿ ಅದು. ನಮಗೆ ತಿಂಗಳುಗಟ್ಟಲೆ ಇರಲು ಆಗುವುದಿಲ್ಲ, ಸರಿ. ಆದರೆ ಐದು ಊರಿನ ಬದಲು ಎರಡು ಊರು ಇಟ್ಟುಕೊಳ್ಳಬಹುದಿತ್ತು.

ಸಸ್ಯಾಹಾರಕ್ಕೂ ದಾರಿ ಇದೆ. ಬೌದ್ಧ ದೇವಾಲಯಗಳ ಅಕ್ಕಪಕ್ಕ ಸಸ್ಯಾಹಾರಿ ಊಟದ ಮನೆಗಳು ಇರುತ್ತವೆ. ಅವರ ಸಂಪ್ರದಾಯದಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ನಿಷಿದ್ಧ. ನಿಮ್ಮ ಮನೆಯವರು ಈರುಳ್ಳಿ ಮುಟ್ಟುವುದಿಲ್ಲ ಎಂದು ಬರೆದಿದ್ದೀರಿ, ಅವರಿಗೆ ಅಲ್ಲಿ ನಿಶ್ಚಿಂತೆ. ರೈಲಿನಲ್ಲಿ, ನಿಲ್ದಾಣದಲ್ಲಿ ಕುದಿನೀರು ಪುಕ್ಕಟೆ ಸಿಗುತ್ತದೆ. ತೆಳು ಅವಲಕ್ಕಿ ಒಯ್ದಿದ್ದರೆ ಒಂದು ಹೊತ್ತು ಕಳೆಯುತ್ತಿತ್ತು.

ಶಾಂಘೈಯಲ್ಲಿ ನೀವು ಗೋಪುರ ಹತ್ತಿ, ನದಿ ದಂಡೆ ನೋಡಿ ಬಂದಿರಿ. ಅಲ್ಲಿಯ ಪೀಪಲ್ಸ್ ಪಾರ್ಕ್‌ನಲ್ಲಿ ಶನಿವಾರ, ಭಾನುವಾರ ಮಧ್ಯಾಹ್ನ ಮಕ್ಕಳಿಗೆ ಗಂಡು ಹೆಣ್ಣು ಹುಡುಕುವ ತಂದೆತಾಯಂದಿರ ಸಂತೆ ಸೇರುತ್ತದೆ. ನೆಲದ ಮೇಲೆ ಸಾಲಾಗಿ ಬಿಚ್ಚಿಟ್ಟ ಕೊಡೆಗಳು. ಒಂದೊಂದು ಕೊಡೆಗೂ ಒಂದೊಂದು ಹಾಳೆ. ಮಗನ ಅಥವಾ ಮಗಳ ವಯಸ್ಸು, ಎತ್ತರ, ಓದು, ಸಂಬಳ, ಸ್ವಂತ ಮನೆ ಇದೆಯೋ ಇಲ್ಲವೋ. ಕೊಡೆಯ ಹಿಂದೆ ಮಡಚುವ ಸ್ಟೂಲಿನಲ್ಲಿ ಅಮ್ಮ ಕೂತಿರುತ್ತಾಳೆ. ನಾನು ಹೋದಾಗ ಒಬ್ಬಾಕೆ ಫೋನಿನಲ್ಲಿ ಅನುವಾದ ಮಾಡಿಕೊಂಡು ನನ್ನನ್ನು ಮಾತಾಡಿಸಿದರು. ನಿಮ್ಮೂರಲ್ಲೂ ಹೀಗೆ ಉಂಟೇ ಎಂದು ಕೇಳಿದರು. ನಮ್ಮ ಕಡೆ ತೋಟದ ಮನೆಯ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ, ಜಾತಕ ಹಿಡಿದು ಅಪ್ಪಂದಿರು ಊರೂರು ತಿರುಗುತ್ತಾರೆ ಎಂದೆ. ಅವರು ಓದಿ, ಪಕ್ಕದ ಕೊಡೆಯಾಕೆಗೆ ತೋರಿಸಿದರು. ಆಕೆ ಇನ್ನೊಬ್ಬರನ್ನು ಕರೆದರು. ಸ್ವಲ್ಪ ಹೊತ್ತಿಗೆ ಎಂಟು ಹತ್ತು ತಾಯಂದಿರು ಸುತ್ತ ನಿಂತು ತಲೆಯಾಡಿಸುತ್ತಿದ್ದರು. ಆ ದೇಶದಲ್ಲಿ ನಾನು ಕಂಡದ್ದರಲ್ಲಿ ಇದಕ್ಕಿಂತ ದೊಡ್ಡದು ನನಗೆ ಇನ್ನೊಂದಿಲ್ಲ.

ಈಗ ನಿಮ್ಮ ತಮ್ಮನವರ ವಿಷಯ. ಖಂಡಿತ ಹೋಗಲಿ. 2020ರಿಂದ ನಿಂತಿದ್ದ ನೇರ ವಿಮಾನ 2025ರ ಅಕ್ಟೋಬರ್ ಕೊನೆಗೆ ಕೋಲ್ಕತ್ತಾದಿಂದ ಗುವಾಂಗ್ಝೌಗೆ ಮತ್ತೆ ಶುರುವಾಗಿದೆ. ಬೀಜಿಂಗ್, ಮಹಾಗೋಡೆ ಎಲ್ಲ ಈ ಸಲ ಬಿಡಲಿ. ಗುವಾಂಗ್ಝೌದಲ್ಲಿ ಇಳಿದು ಹೈನಾನ್ ದ್ವೀಪಕ್ಕೆ ಹೋಗಲಿ. ಅಲ್ಲಿ ಅಡಿಕೆ ತೋಟಗಳಿವೆ. ಹಸಿ ಅಡಿಕೆಯನ್ನು ವೀಳ್ಯದೆಲೆ, ಸುಣ್ಣದ ಜೊತೆ ನಮ್ಮ ಹಾಗೆಯೇ ಜಗಿಯುತ್ತಾರೆ. 2015ರಿಂದ ದ್ವೀಪವನ್ನು ಪೂರ್ತಿ ಸುತ್ತುವ ರೈಲೂ ಇದೆ, ಊರಿಂದ ಊರಿಗೆ ಹೋಗುವುದು ಸುಲಭ. ಆಮೇಲೆ ಹುನಾನ್ ಪ್ರಾಂತ್ಯದ ಶಿಯಾಂಗ್‌ಟಾನ್. ಅದು ಚೀನಾದ ಅಡಿಕೆ ಪೇಟೆ. ಅಲ್ಲಿ ಎಲೆ ಇಲ್ಲ. ಎಳೆ ಅಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಿ, ಸಿಹಿ ಸೇರಿಸಿ, ಪೊಟ್ಟಣ ಕಟ್ಟಿ ಮಾರುತ್ತಾರೆ. ಬಾಯಿ ಕ್ಯಾನ್ಸರಿನ ಭಯದಿಂದ 2021ರಲ್ಲಿ ಟಿವಿ, ರೇಡಿಯೊ, ಇಂಟರ್ನೆಟ್‌ನಲ್ಲಿ ಅಡಿಕೆಯ ಜಾಹೀರಾತನ್ನೇ ಅಲ್ಲಿ ನಿಲ್ಲಿಸಿದರು. ಅದರಿಂದ ಬೆಳೆಗಾರರಿಗೆ, ವ್ಯಾಪಾರಿಗಳಿಗೆ ಏನಾಯಿತು ಎಂದು ಅವರು ಅಲ್ಲಿಯವರನ್ನೇ ಕೇಳಿಕೊಂಡು ಬರಲಿ. ಶಿರಸಿ ಮಾರುಕಟ್ಟೆಗೆ ಅಡಿಕೆ ಹಾಕುವ ಪ್ರತಿಯೊಬ್ಬರಿಗೂ ಆ ಉತ್ತರ ಬೇಕು. ಬರೆದು ಕಳಿಸಿದರೆ ಎಷ್ಟೇ ಪುಟವಾದರೂ ಪ್ರಕಟಿಸುತ್ತೇವೆ. ಅಕ್ಟೋಬರ್ ಮೊದಲ ವಾರ ಮಾತ್ರ ಬೇಡ, ಟಿಕೆಟ್ ಮಾಡಿಸುವ ಮೊದಲೇ ಹೇಳಿಬಿಡಿ.

— ಸಂಪಾದಕ