ಅಪ್ಪನ ಮಾರುತಿಗೆ ರಬ್ಬರ್ ಪೇಂಟ್ ಹೊಡೆಯಬಹುದಾ?

ಪ್ರಶ್ನೆ: ಅಪ್ಪ ಓಡಿಸುತ್ತಿದ್ದ 2006ರ ಮಾರುತಿ 800 ಮನೆಯಲ್ಲಿದೆ. ಬೆಳ್ಳಿ ಬಣ್ಣ. ಬಿಸಿಲಲ್ಲಿ ನಿಂತು ನಿಂತು ಬಾನೆಟ್ ಮೇಲೆ ಪೇಂಟ್ ಸಿಪ್ಪೆ ಏಳುತ್ತಿದೆ, ಬಾಗಿಲ ಕೆಳಗೆ ಸ್ವಲ್ಪ ತುಕ್ಕು. ಬೇಡ ಅಂದಾಗ ಕಿತ್ತು ತೆಗೆಯುವ ರಬ್ಬರ್ ಪೇಂಟ್ ಸಿಗುತ್ತದಂತೆ. ಮನೆಯ ಶೆಡ್ಡಿನಲ್ಲೇ ಕಪ್ಪು ಬಣ್ಣ ಹೊಡೆದುಕೊಳ್ಳಬಹುದಾ?
– ಓದುಗರು, ಮುಳಬಾಗಿಲು

ಉತ್ತರ: ಹೊಡೆಯಬಹುದು, ಆದರೆ ಗಾಡಿ ಈಗಿರುವ ಸ್ಥಿತಿಯಲ್ಲಿ ಬೇಡ. ಪ್ಲಾಸ್ಟಿ ಡಿಪ್ ತರದ ರಬ್ಬರ್ ಪೇಂಟು ಗಟ್ಟಿಯಾಗಿರುವ ಹಳೇ ಪೇಂಟಿನ ಮೇಲೆ ಕೂರುವಂಥದ್ದು. ಕೆಳಗಿನದೇ ಸಿಪ್ಪೆ ಏಳುತ್ತಿದ್ದರೆ ನಾಳೆ ರಬ್ಬರ್ ಎಳೆದಾಗ ಅದೂ ಜೊತೆಗೇ ಕಿತ್ತು ಬರುತ್ತದೆ. ತುಕ್ಕಂತೂ ಮುಚ್ಚಿಟ್ಟರೆ ಕಣ್ಣಿಗೆ ಬೀಳದೆ ಒಳಗೊಳಗೇ ತಗಡು ತಿನ್ನುತ್ತದೆ. ಅದಕ್ಕೇ ಮೊದಲು ಸಿಪ್ಪೆ, ತುಕ್ಕು ಎರಡನ್ನೂ ಉಪ್ಪು ಕಾಗದದಲ್ಲಿ ಪೂರ್ತಿ ಉಜ್ಜಿ, ಪ್ರೈಮರ್ ಹಾಕಿ, ಅದರ ಮೇಲೆ ಒಂದು ಕೈ ಮಾಮೂಲಿ ಪೇಂಟ್ ಹೊಡೆದು ಚೆನ್ನಾಗಿ ಒಣಗಲು ಬಿಡಿ.

ಆಮೇಲೆ ಗಾಡಿ ತೊಳೆಯಿರಿ, ಹಳೇ ಪಾಲಿಶ್ ಜಿಡ್ಡು ಚೂರೂ ಉಳಿಯಬಾರದು. ಮೊದಲ ಕೋಟು ತೆಳ್ಳಗಿರಲಿ, ಹಳೇ ಬಣ್ಣ ಅರ್ಧ ಕಾಣುತ್ತಿರಬೇಕು. ಅರ್ಧ ಗಂಟೆ ಬಿಟ್ಟು ಇನ್ನೊಂದು, ಹೀಗೆ ಐದಾರು ಕೋಟು. ಜಾಸ್ತಿ ಜನ ತಪ್ಪುವುದು ಇಲ್ಲೇ. ಮೂರನೇ ಕೋಟಿಗೆ ಬಣ್ಣ ತುಂಬಿದ ಹಾಗೆ ಕಾಣುತ್ತದೆ, ಸಾಕು ಅಂತ ಬಿಟ್ಟುಬಿಡುತ್ತಾರೆ. ಆದರೆ ದಪ್ಪ ಇದ್ದರೆ ಮಾತ್ರ ಅದು ಹಾಳೆ ಹಾಗೆ ಏಳುತ್ತದೆ, ತೆಳ್ಳಗಿದ್ದರೆ ಉಗುರಲ್ಲಿ ಕೆರೆದು ಕೆರೆದು ಕೈ ಸೋಲುತ್ತದೆ. ಪೇಂಟ್ ತಾಗಬಾರದ ಕಡೆ ಅಂಟಿಸಿದ ಮಾಸ್ಕಿಂಗ್ ಟೇಪನ್ನು ಕೊನೇ ಕೋಟು ಹಸಿಯಿರುವಾಗಲೇ ತೆಗೆಯಿರಿ, ಒಣಗಿದ ಮೇಲೆ ಎಳೆದರೆ ಅಂಚೂ ಹರಿದು ಬರುತ್ತದೆ.

ಆಷಾಢದ ಗಾಳಿಯಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ, ನಮ್ಮ ಕೋಲಾರದ ಕಡೆ ಧೂಳು ಗೊತ್ತಲ್ವಾ. ಉರಿ ಬಿಸಿಲೂ ಬೇಡ. ಸ್ಪ್ರೇ ಮಾಡಿದ ಪೇಂಟಿನ ಹನಿ ಗಾಳಿಯಲ್ಲೇ ಒಣಗಿ ಮೇಲ್ಮೈ ಮರಳು ಮರಳಾಗುತ್ತದೆ. ಬೆಳಗ್ಗೆ ಇಬ್ಬನಿ ಆರಿದ ಮೇಲೆ, ನೆಲಕ್ಕೆ ನೀರು ಚಿಮುಕಿಸಿ ಶುರು ಮಾಡಿ. ಶೆಡ್ಡಿನ ಬಾಗಿಲು ಪೂರ್ತಿ ತೆಗೆದಿರಲಿ. ಇದರ ಆವಿ ಬೇಗ ಹೊತ್ತಿಕೊಳ್ಳುತ್ತದೆ, ಹತ್ತಿರ ಒಲೆ, ಬೀಡಿ ಏನೂ ಇರಬಾರದು. ಮೂಗಿಗೆ ಕರ್ಚೀಫ್ ಕಟ್ಟಿದರೆ ಸಾಲದು, ಪೇಂಟರ್‌ಗಳು ಹಾಕುವ ಫಿಲ್ಟರ್ ಇರುವ ಮಾಸ್ಕನ್ನೇ ತನ್ನಿ.

ಪೆಟ್ರೋಲ್ ಬಿದ್ದರೆ ಈ ಪೇಂಟ್ ಮೆತ್ತಗಾಗುತ್ತದೆ. ಒರೆಸಬೇಡಿ, ತಾನಾಗೇ ಆರಲು ಬಿಡಿ. ನನ್ನ ಸ್ಕೂಟರಿಗೆ ಹೊಡೆದಿದ್ದಾಗ ಗಾಬರಿಯಲ್ಲಿ ಒರೆಸಿಬಿಟ್ಟೆ, ಅಂಗೈ ಅಗಲ ಪೇಂಟ್ ಬಟ್ಟೆಗೇ ಬಂದಿತ್ತು.

ಇನ್ನು ಕಪ್ಪು ಬಣ್ಣದ ವಿಷಯ. ಆರ್‌ಸಿಯಲ್ಲಿ ಬಣ್ಣ ಬೆಳ್ಳಿ ಅಂತಲೇ ಇರುತ್ತದೆ. 15 ವರ್ಷ ದಾಟಿದ ಗಾಡಿಯನ್ನು 5 ವರ್ಷಕ್ಕೊಮ್ಮೆ ರಿನ್ಯೂವಲ್‌ಗೆ ತೋರಿಸಲೇಬೇಕು, ಬಣ್ಣ ಬೇರೆಯಿದ್ದರೆ ಅಲ್ಲಿ ಕೇಳುತ್ತಾರೆ. ಅದಕ್ಕೇ ಪೇಂಟ್ ಕೊಳ್ಳುವ ಮುಂಚೆಯೇ ನಿಮ್ಮ ಆರ್‌ಟಿಓ ಕಚೇರಿಗೆ ಹೋಗಿ ಬಣ್ಣ ಬದಲಿಸುವ ಬಗ್ಗೆ ಕೇಳಿಕೊಂಡು ಬನ್ನಿ. ಅಷ್ಟರಲ್ಲಿ ಒಂದು ಸ್ಪ್ರೇ ಡಬ್ಬಿ ತಂದು ವೀಲ್ ಕ್ಯಾಪ್‌ಗಳ ಮೇಲೆ ಕೈ ಪಳಗಿಸಿಕೊಳ್ಳಿ. ಒಂದು ವಾರ ಬಿಟ್ಟು ಒಂದರ ಪೇಂಟ್ ಕಿತ್ತು ನೋಡಿ, ಇಡೀ ಏಳುತ್ತದಾ ಅಂತ.