ಸತ್ತವರ ಹೆಸರು ನೆನಪಿದೆಯಾ?

ಮಂಡ್ಯದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರ ಪತ್ರದ ಮುಖ್ಯ ಭಾಗ ಇದು. ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ.

“ಪಿಯುಸಿ ಓದುವ ಮೊಮ್ಮಗನ ಒತ್ತಾಯಕ್ಕೆ ಮೈಸೂರಿನ ಒಂದು ಮಾಲ್‌ನಲ್ಲಿ ಇಂಗ್ಲಿಷ್ ಹಾರರ್ ಸಿನಿಮಾ ನೋಡಿದೆ. ಟಿಕೆಟ್ ಮೇಲೆ ‘ಎ’ ಅಂತ ಇತ್ತು. ಬಾಗಿಲಲ್ಲಿ ಯಾರೂ ಏನೂ ಕೇಳಲಿಲ್ಲ. ದೆವ್ವ ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಒಬ್ಬ ಮನುಷ್ಯ ಒಂದು ಹೆಣ್ಣನ್ನು ಕಟ್ಟಿಹಾಕಿ ಕೊಯ್ಯುವುದನ್ನೇ ತೋರಿಸಿದರು. ಕಣ್ಣು ಮುಚ್ಚಿಕೊಂಡರೂ ಸದ್ದು ಬಿಡಲಿಲ್ಲ. ಮುಂದಿನ ಸಾಲಿನ ಹುಡುಗರು ನಗುತ್ತಿದ್ದರು. ನನ್ನ ಮೊಮ್ಮಗನೂ ನಕ್ಕ. ಕೇಳಿದರೆ ‘ಅದು ಬರೀ ಮೇಕಪ್, ತಾತ’ ಅಂದ. ನಮ್ಮ ಸಂಸ್ಕೃತಿಯಲ್ಲಿ ಇಂಥದ್ದು ಎಂದೂ ಇರಲಿಲ್ಲ. ಸಿನಿಮಾ ಯಾವಾಗ ಹೀಗಾಯಿತು? ಸರ್ಕಾರ ಇದನ್ನು ಯಾಕೆ ನಿಷೇಧಿಸುವುದಿಲ್ಲ? ಆ ಹುಡುಗರು ಯಾಕೆ ನಕ್ಕರು?”

ಪ್ರಿಯ ಮೇಷ್ಟ್ರೇ,

ನಿಮ್ಮ ಪತ್ರವನ್ನು ನಮ್ಮ ಕಚೇರಿಯಲ್ಲಿ ಎಲ್ಲರೂ ಓದಿದೆವು. ನಮ್ಮಲ್ಲಿ ಹಾರರ್ ಸಿನಿಮಾ ಇಷ್ಟಪಡುವವರೂ ಇದ್ದಾರೆ. ನಾನೂ ಅವರಲ್ಲಿ ಒಬ್ಬ. ಹಾಗಾಗಿ ಇದು ಆ ಸಿನಿಮಾಗಳನ್ನು ಪ್ರೀತಿಸುವವನೊಬ್ಬ ಬರೆಯುತ್ತಿರುವ ಉತ್ತರ. ನಿಮಗಾದ ನೋವು ನನಗೂ ಆಗಿದೆ.

ಯಾವಾಗ ಹೀಗಾಯಿತು ಅಂತ ಕೇಳಿದ್ದೀರಿ. 1960ರಲ್ಲಿ ಹಿಚ್‌ಕಾಕ್ ‘ಸೈಕೋ’ ಮಾಡಿದರು. ಅದರ ಬಚ್ಚಲುಮನೆ ಕೊಲೆ ನೋಡಿ ಜನ ಬೆಚ್ಚಿಬಿದ್ದರು. ಆ ದೃಶ್ಯ ಇರುವುದು ಸುಮಾರು 45 ಸೆಕೆಂಡ್. ತೆಗೆಯುವುದಕ್ಕೆ ಮಾತ್ರ ಒಂದು ವಾರ ಹಿಡಿಯಿತು. ಕಪ್ಪು-ಬಿಳುಪು ಚಿತ್ರ ಆದ್ದರಿಂದ ರಕ್ತದ ಬದಲು ಚಾಕೊಲೇಟ್ ಸಿರಪ್ ಸುರಿದರು. ಇರಿತದ ಸದ್ದಿಗೆ ಕರಬೂಜದ ಹಣ್ಣಿಗೆ ಚಾಕು ಹಾಕಿದರು. ತೆರೆಯ ಮೇಲೆ ಚಾಕು ಎದ್ದದ್ದು ಕಾಣುತ್ತದೆ, ಕೊಲೆಯಾಗುವ ಹುಡುಗಿಯ ಬಾಯಿ ಕಾಣುತ್ತದೆ, ತೂಬಿನ ಕಡೆ ಹರಿಯುವ ನೀರು ಕಾಣುತ್ತದೆ. ಉಳಿದದ್ದನ್ನು ನೋಡುವವರ ಮನಸ್ಸೇ ತುಂಬಿಕೊಳ್ಳುತ್ತದೆ.

ಇದನ್ನೆಲ್ಲ ಬಹಳ ಜನ ಬರೆದಿದ್ದಾರೆ. ನನಗೆ ಮುಖ್ಯ ಅನ್ನಿಸುವುದು ಅದಕ್ಕಿಂತ ಮುಂಚಿನ ಮುಕ್ಕಾಲು ಗಂಟೆ. ಆ ಹುಡುಗಿಯ ಹೆಸರು ಮರಿಯನ್. ಕೆಲಸ ಮಾಡುವ ಕಡೆ 40,000 ಡಾಲರ್ ಕದ್ದು ಊರು ಬಿಟ್ಟಿದ್ದಾಳೆ. ದಾರಿಯಲ್ಲಿ ಪೊಲೀಸಿನವನೊಬ್ಬ ಮಾತನಾಡಿಸಿದರೆ ಅವಳ ಜೊತೆ ನಮಗೂ ಎದೆ ಹೊಡೆದುಕೊಳ್ಳುತ್ತದೆ. ಕೊನೆಗೆ ಲಾಡ್ಜ್ ರೂಮಿನಲ್ಲಿ ಕೂತು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಅಂತ ಚೀಟಿಯಲ್ಲಿ ಲೆಕ್ಕ ಹಾಕುತ್ತಾಳೆ. ವಾಪಸ್ ಹೋಗಿ ದುಡ್ಡು ಕೊಟ್ಟುಬಿಡೋಣ ಅಂತ ತೀರ್ಮಾನಿಸುತ್ತಾಳೆ. ಆ ಚೀಟಿ ಹರಿದು ಹಾಕಿ ಸ್ನಾನಕ್ಕೆ ಇಳಿಯುತ್ತಾಳೆ. ಅಷ್ಟು ಹೊತ್ತಿಗೆ ಅವಳು ನಮ್ಮವಳಾಗಿಬಿಟ್ಟಿರುತ್ತಾಳೆ. ಅದಕ್ಕೇ ಆ 45 ಸೆಕೆಂಡ್ ತಡೆಯಲಾಗುವುದಿಲ್ಲ.

ಈ ಮುಕ್ಕಾಲು ಗಂಟೆಯೇ ಮುಂದೆ ಕಳೆದುಹೋಯಿತು. 1980ರ ದಶಕದಲ್ಲಿ ಅಮೆರಿಕದಲ್ಲಿ ಹರೆಯದ ಹುಡುಗ ಹುಡುಗಿಯರನ್ನು ಒಬ್ಬೊಬ್ಬರಾಗಿ ಕೊಲ್ಲುವ ಸಿನಿಮಾಗಳ ಸಾಲೇ ಬಂತು. ಸಾಯುವವರು ಯಾರು ಅನ್ನುವುದಕ್ಕಿಂತ ಹೇಗೆ ಸಾಯುತ್ತಾರೆ ಅನ್ನುವುದಕ್ಕೆ ಟಿಕೆಟ್ ಮಾರಾಟವಾಗತೊಡಗಿತು. ಆ ಕಾಲದ ಹೆಸರಾಂತ ಮೇಕಪ್ ಕಲಾವಿದ ಟಾಮ್ ಸವಿನಿ ವಿಯೆಟ್ನಾಂ ಯುದ್ಧದಲ್ಲಿ ಸೈನ್ಯದ ಫೋಟೋಗ್ರಾಫರ್ ಆಗಿದ್ದವರು. ಅಲ್ಲಿ ಕಂಡ ಹೆಣಗಳು ಅವರ ಕೈಯಲ್ಲಿ ರಬ್ಬರು, ಬಣ್ಣಗಳಾಗಿ ಮತ್ತೆ ಹುಟ್ಟಿದವು. ಅವರ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಒಂದು ಯುದ್ಧದ ನೋವು ಶನಿವಾರದ ಮನರಂಜನೆಯಾಗಿ ಬಂತಲ್ಲ ಅನ್ನುವುದು ನನ್ನನ್ನು ಕಾಡುತ್ತದೆ.

ಆಮೇಲೆ 2004ರಲ್ಲಿ ‘ಸಾ’ ಬಂತು. ಖರ್ಚು ಸುಮಾರು 12 ಲಕ್ಷ ಡಾಲರ್, ಗಳಿಕೆ 10 ಕೋಟಿ ಡಾಲರ್‌ಗೂ ಜಾಸ್ತಿ. ಬೀಗ ಹಾಕಿದ ಒಂದು ಕೋಣೆ, ಸರಪಳಿಯಲ್ಲಿ ಇಬ್ಬರು. ಕಥೆಯ ಬಹುಪಾಲು ಅಷ್ಟೇ. ಈ ಲೆಕ್ಕ ನೋಡಿದ ನಿರ್ಮಾಪಕರು ಸುಮ್ನೆ ಇರುತ್ತಾರೆಯೇ? ದೊಡ್ಡ ಸ್ಟಾರ್ ಬೇಡ, ಹಾಡು ಬೇಡ, ವಿದೇಶದ ಲೊಕೇಶನ್ ಬೇಡ. ಸಾಲುಸಾಲಾಗಿ ಅಂಥವೇ ಬಂದವು. 2006ರಲ್ಲಿ ಅಮೆರಿಕದ ವಿಮರ್ಶಕ ಡೇವಿಡ್ ಎಡೆಲ್‌ಸ್ಟೈನ್ ಈ ಜಾತಿಯ ಚಿತ್ರಗಳನ್ನು ‘ಟಾರ್ಚರ್ ಪೋರ್ನ್’, ಅಂದರೆ ಚಿತ್ರಹಿಂಸೆಯ ಅಶ್ಲೀಲ ಚಿತ್ರ, ಎಂದು ಕರೆದರು. ಅದೇ ಹೆಸರು ನಿಂತುಬಿಟ್ಟಿತು. 2024ರಲ್ಲಿ ‘ಟೆರಿಫೈಯರ್’ ಸರಣಿಯ ಮೂರನೆಯದು ಅಮೆರಿಕದಲ್ಲಿ ರೇಟಿಂಗ್ ಇಲ್ಲದೆಯೇ ತೆರೆಕಂಡು, ಹಾಕಿದ ದುಡ್ಡಿನ ಹತ್ತಾರು ಪಟ್ಟು ಬಾಚಿತು. ಹಿಂದಿನದಕ್ಕಿಂತ ಜಾಸ್ತಿ ತೋರಿಸದಿದ್ದರೆ ಮುಂದಿನದು ಓಡುವುದಿಲ್ಲ. ಇದು ಹೀಗೇ ಬೆಳೆಯುತ್ತಾ ಹೋಗುತ್ತದೆ.

ಆದರೆ ‘ನಮ್ಮ ಸಂಸ್ಕೃತಿಯಲ್ಲಿ ಇಂಥದ್ದು ಎಂದೂ ಇರಲಿಲ್ಲ’ ಅಂದಿರಲ್ಲ, ಅದನ್ನು ಒಪ್ಪುವುದು ಕಷ್ಟ. ಹಳೇಬೀಡಿನ ಗೋಡೆಯ ಮೇಲೆ ನರಸಿಂಹ ಹಿರಣ್ಯಕಶಿಪುವಿನ ಕರುಳು ಬಗೆಯುತ್ತಿದ್ದಾನೆ. ಮಕ್ಕಳನ್ನು ಎತ್ತಿಕೊಂಡು ನಾವೇ ತೋರಿಸುತ್ತೇವೆ. ನಮ್ಮ ಮಂಡ್ಯದ ಕಡೆ ಹಳ್ಳಿಗಳಲ್ಲಿ ರಾತ್ರಿಯಿಡೀ ಕುರುಕ್ಷೇತ್ರ ನಾಟಕ ಆಡುತ್ತಾರೆ. ದುಶ್ಶಾಸನನ ರಕ್ತದಲ್ಲಿ ದ್ರೌಪದಿಯ ಮುಡಿ ಕಟ್ಟುವ ಕಥೆ ಅಲ್ಲಿ ಹೆಂಗಸರು ಮಕ್ಕಳಿಗೆಲ್ಲ ಗೊತ್ತು. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದರೆ ಸಾಕು, ಸಾಯಲಿರುವ ದುರ್ಯೋಧನನಿಗೂ ಜನ ಶಿಳ್ಳೆ ಹೊಡೆಯುತ್ತಾರೆ. ಆ ಪಾತ್ರಕ್ಕೇ ಪೈಪೋಟಿ ಜಾಸ್ತಿ.

ಮತ್ತೆ ರನ್ನನ ‘ಗದಾಯುದ್ಧ’. ನೀವು ವರ್ಷಗಟ್ಟಲೆ ಪಾಠ ಮಾಡಿದ್ದೀರಿ, ನಾನು ನಿಮಗೆ ಹೇಳುವುದು ಸರಿಯಲ್ಲ. ಆದರೂ ಅದರಲ್ಲಿ ದುರ್ಯೋಧನ ಸಂಜಯನ ಜೊತೆ ಯುದ್ಧಭೂಮಿ ದಾಟುವ ಭಾಗವನ್ನು ಈ ಪ್ರಶ್ನೆ ಇಟ್ಟುಕೊಂಡು ಇನ್ನೊಮ್ಮೆ ಓದಿ ನೋಡಿ. ಸುತ್ತ ರಕ್ತ, ಹೆಣದ ರಾಶಿ, ಮರುಳುಗಳ (ಪಿಶಾಚಿಗಳ) ಆಟ. ಇವತ್ತಿನ ಯಾವ ಹಾರರ್ ಸಿನಿಮಾಗೂ ಅದು ಕಮ್ಮಿ ಇಲ್ಲ. ಆದರೆ ಅವನು ನಡೆಯುತ್ತಾ ಒಬ್ಬೊಬ್ಬರ ಮುಂದೆ ನಿಲ್ಲುತ್ತಾನೆ. ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ. ಒಬ್ಬೊಬ್ಬರಿಗೂ ಬೇರೆ ಬೇರೆ ಅಳು. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ನಿಂತು, ನಿನ್ನಂಥ ಸಾವು ನಮಗೂ ಬರಲಿ ಅನ್ನುತ್ತಾನೆ. ಸಾವಿರ ವರ್ಷದ ಹಿಂದಿನ ಕವಿ ಅಷ್ಟು ರಕ್ತ ಹರಿಸಿಯೂ ಒಂದೇ ಒಂದು ಹೆಣವನ್ನು ಸುಮ್ನೆ ದಾಟಿಸಲಿಲ್ಲ.

ನಾನು ಈಗ ಯಾವ ಹಾರರ್ ಸಿನಿಮಾ ನೋಡಿ ಬಂದರೂ ಇದನ್ನೇ ಕೇಳಿಕೊಳ್ಳುತ್ತೇನೆ. ಅದರಲ್ಲಿ ಸತ್ತವರ ಹೆಸರು ನನಗೆ ನೆನಪಿದೆಯಾ? ರಕ್ತ ಎಷ್ಟು ಲೀಟರ್ ಅನ್ನುವುದು ನನಗೆ ಮುಖ್ಯವಲ್ಲ. ರಕ್ತ ಇರುವ ಒಳ್ಳೆಯ ಚಿತ್ರಗಳೂ ಇವೆ. 1968ರ ಜಾರ್ಜ್ ರೊಮೆರೊ ಚಿತ್ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ನಲ್ಲಿ ಹೆಣಗಳು ಎದ್ದು ಬಂದು ಮನುಷ್ಯರ ಮಾಂಸ ತಿನ್ನುತ್ತವೆ. ಅದರ ನಾಯಕ ಬೆನ್ ಕಪ್ಪು ಜನಾಂಗದವನು. ರಾತ್ರಿಯೆಲ್ಲ ಹೋರಾಡಿ ಬದುಕಿ ಉಳಿಯುತ್ತಾನೆ. ಬೆಳಿಗ್ಗೆ ಕಾಪಾಡಲು ಬಂದ ಬಿಳಿಯರ ಗುಂಪು ಅವನನ್ನೂ ಹೆಣ ಅಂದುಕೊಂಡು ಗುಂಡಿಟ್ಟು ಕೊಲ್ಲುತ್ತದೆ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ವರ್ಷ ಅದು. ಅವತ್ತಿನ ಪ್ರೇಕ್ಷಕರಿಗೆ ಆ ಗುಂಡು ಎಲ್ಲಿ ತಾಗಿರಬೇಕು ಯೋಚಿಸಿ. ಆ ಕ್ರೌರ್ಯಕ್ಕೆ ಒಂದು ಅರ್ಥ ಇತ್ತು. ನೀವು ನೋಡಿದ ಸಿನಿಮಾದಲ್ಲಿ ಕಟ್ಟಿಹಾಕಿದ ಆ ಹೆಣ್ಣಿನ ಹೆಸರು ನಿಮ್ಮ ಪತ್ರದಲ್ಲಿ ಇಲ್ಲ. ಅದು ನಿಮ್ಮ ಮರೆವಲ್ಲ. ಸಿನಿಮಾದವರೇ ಅವಳನ್ನು ನಿಮಗೆ ಪರಿಚಯ ಮಾಡಿಕೊಡಲಿಲ್ಲ.

ಈಗ ಹುಡುಗರ ನಗುವಿನ ವಿಷಯಕ್ಕೆ ಬರೋಣ. ಅದು ನಿಮ್ಮನ್ನು ರಕ್ತಕ್ಕಿಂತ ಜಾಸ್ತಿ ಹೆದರಿಸಿದೆ ಅನ್ನುವುದು ಅಕ್ಷರದಲ್ಲೇ ಕಾಣುತ್ತದೆ. ಆದರೆ ಆ ನಗುವೆಲ್ಲ ಕಲ್ಲುಮನಸ್ಸಿನದಲ್ಲ ಮೇಷ್ಟ್ರೇ. ಆ ವಯಸ್ಸಿನ ಹುಡುಗ ಗೆಳೆಯರ ನಡುವೆ ಕೂತು ಹೆದರಿಕೆ ತೋರಿಸಿಕೊಂಡರೆ ನಾಳೆ ಕಾಲೇಜಿನಲ್ಲಿ ಬದುಕುವ ಹಾಗಿಲ್ಲ. ಅಳಬಾರದು, ಎದ್ದು ಹೋಗಬಾರದು, ಕಣ್ಣು ಮುಚ್ಚಬಾರದು. ಅವನಿಗೆ ಉಳಿದಿರುವುದು ನಗು ಒಂದೇ. ಸೀಟಿನ ಕೈ ಹಿಡಿದುಕೊಂಡು ನಗುವ ಹುಡುಗರನ್ನು ನಾನು ನೋಡಿದ್ದೇನೆ. ತೆರೆಯ ಬೆಳಕಿನಲ್ಲಿ ಅವರ ಬೆರಳುಗಳು ಬಿಗಿಯಾಗಿದ್ದವು.

ಹಾಗಂತ ಏನೂ ಆಗುವುದಿಲ್ಲ ಅಂತಲೂ ಹೇಳಲಾರೆ. ಅಮೆರಿಕದಲ್ಲಿ ಲಿನ್ಜ್, ಡೋನರ್‌ಸ್ಟೈನ್, ಪೆನ್ರಾಡ್ ಎಂಬ ಮೂವರು ಸಂಶೋಧಕರು 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ಹುಡುಗರಿಗೆ ಹೆಣ್ಣುಮಕ್ಕಳನ್ನು ಹಿಂಸಿಸುವ ಚಿತ್ರಗಳನ್ನು ದಿನಕ್ಕೊಂದರಂತೆ ಐದು ದಿನ ತೋರಿಸಿದರು. ಮೊದಲ ದಿನ ಕಳವಳಗೊಂಡವರಿಗೆ ಐದನೇ ದಿನದ ಹೊತ್ತಿಗೆ ಅದೇ ಜಾತಿಯ ಹಿಂಸೆ ಅಷ್ಟೇನೂ ದೊಡ್ಡದು ಅನ್ನಿಸಲಿಲ್ಲ. ಆಮೇಲೆ ಒಂದು ಅತ್ಯಾಚಾರ ಪ್ರಕರಣದ ವಿಚಾರಣೆ ತೋರಿಸಿದಾಗ, ಆ ಹೆಣ್ಣಿಗಾದ ನೋವನ್ನೂ ಅವರು ಆ ಚಿತ್ರಗಳನ್ನು ನೋಡದವರಿಗಿಂತ ಕಮ್ಮಿ ಅಳೆದರು. ಇದನ್ನು ಓದಿದಾಗ ನನಗೆ ಬೇಸರವಾಯಿತು. ಆದರೆ 1995ರಲ್ಲಿ ಲಿನ್ಜ್ ಇನ್ನೊಬ್ಬ ಸಂಶೋಧಕರ ಜೊತೆ ಸೇರಿ ಇಂಥದ್ದೇ ಅಧ್ಯಯನ ಮಾಡಿದಾಗ ಇನ್ನೊಂದು ಸಂಗತಿ ಕಂಡಿತು. ನೋಡುವುದು ನಿಲ್ಲಿಸಿ ಕೆಲವು ದಿನ ಕಳೆದ ಮೇಲೆ, ನೊಂದ ಹೆಣ್ಣಿನ ಬಗ್ಗೆ ಇದ್ದ ಮರುಕ ಮೊದಲಿನ ಮಟ್ಟಕ್ಕೆ ವಾಪಸ್ ಬಂತು. ಮನಸ್ಸು ಮರಗಟ್ಟುತ್ತದೆ, ಬಿಡುವು ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ಆದರೆ ಮೊಬೈಲ್ ಆ ಬಿಡುವನ್ನೇ ಕೊಡುವುದಿಲ್ಲ ಅಲ್ವಾ?

ನಿಮ್ಮ ಮೊಮ್ಮಗ ‘ಬರೀ ಮೇಕಪ್’ ಅಂದದ್ದು ನನಗೆ ಸಮಾಧಾನ ತಂದಿತು. ಸುಳ್ಳು ಯಾವುದು ಅಂತ ಅವನಿಗೆ ಗೊತ್ತಿದೆ. ನಿಜ ಯಾವುದು ಅಂತ ಮೈಸೂರಿಗೂ ಗೊತ್ತಿದೆ. 1989ರ ಫೆಬ್ರವರಿ 8ರಂದು ಇಲ್ಲಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಸೀರಿಯಲ್ ಶೂಟಿಂಗ್ ನಡೆಯುವಾಗ ಬೆಂಕಿ ಹೊತ್ತಿ 62 ಜನ ಸತ್ತರು. ಆವತ್ತು ಕಣ್ಣಾರೆ ಕಂಡ ಮೈಸೂರಿನ ಹಿರಿಯರನ್ನು ಕೇಳಿ. ಮಾತು ಅರ್ಧಕ್ಕೇ ನಿಲ್ಲುತ್ತದೆ. ಇವತ್ತು ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಗಾಡಿ ಉರುಳಿದರೆ, ಮದ್ದೂರು ಹತ್ತಿರವೋ ಶ್ರೀರಂಗಪಟ್ಟಣದ ಹತ್ತಿರವೋ, ಆಂಬುಲೆನ್ಸ್‌ಗಿಂತ ಮೊದಲು ವಿಡಿಯೋ ಬರುತ್ತದೆ. ನರಳುವವರ ಮುಖ ಸಂಜೆಯೊಳಗೆ ಎಲ್ಲರ ವಾಟ್ಸಾಪ್‌ನಲ್ಲಿ. ಅದನ್ನು ಕಳಿಸುವವರು ಬರೀ ಹುಡುಗರಲ್ಲ, ನನ್ನ ನಿಮ್ಮ ವಯಸ್ಸಿನವರು. ಸಿನಿಮಾ ಹಾಲಿನ ನಗುವಿಗಿಂತ ಇದು ನನ್ನನ್ನು ಜಾಸ್ತಿ ಕಲಕುತ್ತದೆ.

ನಿಷೇಧದ ಮಾತು. ನಾನು ಅದರ ಪರ ಇಲ್ಲ. ನಿಷೇಧಿಸಿದ ಸಿನಿಮಾ ಸಂಜೆಯೊಳಗೆ ಟೆಲಿಗ್ರಾಂನಲ್ಲಿ ಇರುತ್ತದೆ. ಅಲ್ಲಿ ‘ಎ’ ಅನ್ನುವ ಗುರುತೂ ಇರುವುದಿಲ್ಲ. ಕತ್ತರಿ ಹಾಕಿದರೂ ತೊಂದರೆಯೇ. ಏಟಿನ ಆಮೇಲಿನ ನರಳಾಟ ಹೋಗಿ ಏಟು ಮಾತ್ರ ಉಳಿದರೆ, ಹೊಡೆಯುವುದು ಸಲೀಸು ಅನ್ನುವ ಭಾವನೆ ಬರುತ್ತದೆ. ಅಷ್ಟಕ್ಕೂ ನಿಯಮಗಳು ಇವೆ. ನಮ್ಮಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆ ಬಂದದ್ದು 1952ರಲ್ಲಿ. ಅರ್ಥವಿಲ್ಲದ, ತಪ್ಪಿಸಬಹುದಾದ ಹಿಂಸೆ, ಕ್ರೌರ್ಯ, ಭೀಕರತೆಯ ದೃಶ್ಯಗಳು ಇರಬಾರದು ಅಂತ ಸೆನ್ಸಾರ್ ಮಂಡಳಿಯ 1991ರ ಮಾರ್ಗಸೂಚಿಯೇ ಹೇಳುತ್ತದೆ. 2023ರ ತಿದ್ದುಪಡಿಯಲ್ಲಿ ‘ಯುಎ’ ದರ್ಜೆಯನ್ನು 7, 13, 16 ವರ್ಷ ಅಂತ ಮೂರು ಮಾಡಿದರು. ಅದು ಜೊತೆಗಿರುವ ದೊಡ್ಡವರಿಗೆ ಕೊಡುವ ಎಚ್ಚರಿಕೆ. ‘ಎ’ ಹಾಗಲ್ಲ. ಅಪ್ಪ, ಅಮ್ಮ, ತಾತ ಯಾರು ಜೊತೆಗಿದ್ದರೂ 18 ತುಂಬದವರನ್ನು ಒಳಗೆ ಬಿಡುವಂತಿಲ್ಲ. ನಿಮ್ಮ ಮೊಮ್ಮಗನನ್ನು ಬಾಗಿಲಲ್ಲೇ ತಡೆಯಬೇಕಿತ್ತು. ಟಿಕೆಟ್ ಹರಿಯುವವರು ಐಡಿ ಕಾರ್ಡ್ ಕೇಳಿದ್ದರೆ ಸಾಕಿತ್ತು, ಹೊಸ ಕಾನೂನೇನೂ ಬೇಕಿರಲಿಲ್ಲ. ಆ ಥಿಯೇಟರಿನ ಮ್ಯಾನೇಜರ್‌ಗೆ ಒಂದು ಪತ್ರ ಬರೆಯಿರಿ. ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಗೂ ಕಳಿಸಿ.

ಮೊಮ್ಮಗನನ್ನು ಬೈಯಬೇಡಿ ಅಂತ ನನ್ನ ವಿನಂತಿ. ಬೈದರೆ ಮುಂದಿನ ಸಲ ಅವನು ನಿಮ್ಮನ್ನು ಕರೆಯುವುದಿಲ್ಲ. ತಾತನನ್ನು ಸಿನಿಮಾಗೆ ಕರೆದುಕೊಂಡು ಹೋಗುವ ಹುಡುಗ ಅವನು, ಒಳ್ಳೆಯವನೇ ಇರಬೇಕು. ಕಟ್ಟಿಹಾಕಿದ್ದ ಆ ಹುಡುಗಿಯ ಹೆಸರೇನು, ಅವಳ ಮನೆಯಲ್ಲಿ ಯಾರಿದ್ದರು ಅಂತ ಸುಮ್ನೆ ಕೇಳಿ. ಅವನಿಗೆ ಗೊತ್ತಿಲ್ಲದಿದ್ದರೆ ಅಲ್ಲಿಂದ ಮಾತು ಶುರುವಾಗಬಹುದು. ಗೊತ್ತಿದ್ದರೆ, ಅವನು ನೀವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಆ ಸಿನಿಮಾ ನೋಡಿದ್ದಾನೆ.

ನಮ್ಮ ಕಡೆಯಿಂದ ಆಗುವುದನ್ನು ಮಾಡುತ್ತೇವೆ. ಮುಂದಿನ ಸಂಚಿಕೆಯಿಂದ ಪ್ರತಿ ಚಿತ್ರವಿಮರ್ಶೆಯ ಕೆಳಗೆ ಸರ್ಟಿಫಿಕೇಟ್ ಯಾವುದು ಅಂತ ಹಾಕುತ್ತೇವೆ. ಜೊತೆಗೆ, ಹಿಂಸೆ ಎಷ್ಟಿದೆ, ಯಾರ ಮೇಲೆ, ಯಾಕೆ ಅನ್ನುವುದಕ್ಕೆ ಎರಡು ಸಾಲು ಇರುತ್ತದೆ. ಕಥೆ ಬಿಟ್ಟುಕೊಡದೆ ಅದನ್ನು ಬರೆಯುವುದು ಹೇಗೆ ಅಂತ ವಿಮರ್ಶಕರ ಜೊತೆ ಮಾತುಕತೆ ನಡೆದಿದೆ. ಓದುಗರೂ ಸಲಹೆ ಕಳಿಸಬಹುದು.

— ಸಂ.