ಐಫೋನ್ 17ಕ್ಕೆ ಅಷ್ಟು ದುಡ್ಡು ಕೊಡಬಹುದಾ? ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಐಫೋನ್ 17 ಬಂದಾಗಿಂದ ಬರ್ತಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ, "ಅಷ್ಟು ದುಡ್ಡು ಕೊಡೋಕೆ ಅದರಲ್ಲಿ ಅಂಥದ್ದೇನಿದೆ ಸರ್". ಹಾಗಾಗಿ ಈ ಸಲ ಬೇರೆ ಎಲ್ಲಾ ಪಕ್ಕಕ್ಕಿಟ್ಟು ಇದನ್ನೇ ಎತ್ಕೊಂಡಿದೀನಿ. ಕೆಳಗೆ ಹೇಳಿರೋದೆಲ್ಲ ಲಾಂಚ್ ಆದಾಗಿನ ಬೆಲೆ, ಆಫರ್ ಸೇರಿಸಿಲ್ಲ, ಮಾಮೂಲಿ 17 ಅಂದ್ರೆ 82,900, 17 ಪ್ರೋ ಅಂದ್ರೆ 1,34,900, ಎರಡೂ 256 ಜಿಬಿ.

ಪ್ರಶ್ನೆ: ಮಗನಿಗೆ ಬೆಂಗಳೂರಲ್ಲಿ ಇಂಜಿನಿಯರಿಂಗ್ ಸೀಟ್ ಸಿಕ್ಕಿದೆ, 17 ಪ್ರೋನೇ ಬೇಕು ಅಂತ ಹಠ ಹಿಡಿದು ಕೂತಿದಾನೆ. "ಅಪ್ಪಾ, ಒಂದ್ಸಲ ತಗೊಂಡ್ರೆ ಐದು ವರ್ಷ ನೋಡೋ ಹಾಗಿಲ್ಲ, ಲಾಂಗ್ ರನ್‌ನಲ್ಲಿ ಇದೇ ಚೀಪು" ಅಂತಾನೆ. ಅಂಗಡಿಯವರು ನೋ ಕಾಸ್ಟ್ ಇಎಂಐ, ಬಡ್ಡೀನೇ ಇಲ್ಲ ಅಂತಾರೆ. ನನಗೆ ಕೈಗೆ ಬರೋ ಸಂಬಳ 48 ಸಾವಿರ. ಏನು ಮಾಡ್ಲಿ? (ದಾವಣಗೆರೆ)

ಸರ್, ಮಗ ಹೇಳ್ತಿರೋ ಈ ಲಾಂಗ್ ರನ್ ಮಾತು ಎಲ್ಲರ ಬಾಯಲ್ಲೂ ಇದೆ, ಆದ್ರೆ ಲೆಕ್ಕ ಹಾಕಿ ನೋಡಿದವರು ಕಮ್ಮಿ. ಹಾಕೋಣ ಬನ್ನಿ. ಪ್ರೋ ತಗೊಂಡು ಐದು ವರ್ಷ ಇಟ್ಕೊಂಡು ಆಮೇಲೆ 30 ಸಾವಿರಕ್ಕೆ ಮಾರಿದ ಅಂತ ಅಂದ್ಕೊಳ್ಳಿ, ತಿಂಗಳಿಗೆ ಸುಮಾರು 1,750 ರೂಪಾಯಿ ಬೀಳತ್ತೆ. ಮಾಮೂಲಿ 17 ಐದು ವರ್ಷ ಆದ್ಮೇಲೆ 18 ಸಾವಿರಕ್ಕೆ ಹೋಯ್ತು ಅಂದ್ರೆ ತಿಂಗಳಿಗೆ ಹೆಚ್ಚುಕಮ್ಮಿ 1,080. ಅದೇ 25 ಸಾವಿರದ ಆಂಡ್ರಾಯ್ಡ್ ಫೋನು ಮೂರು ವರ್ಷ ಬಳಸಿ 5 ಸಾವಿರಕ್ಕೆ ಕೊಟ್ರೆ ತಿಂಗಳಿಗೆ 555. ಮಾರೋ ಬೆಲೆ ಎಲ್ಲಾ ನನ್ನ ಅಂದಾಜು, ನೀವು ಅದನ್ನ ಹಿಂದೆ ಮುಂದೆ ಮಾಡಿ ನೋಡಿ, ಐಫೋನ್ ಚೀಪ್ ಆಗೋ ಥರ ಲೆಕ್ಕ ಕೂರಿಸೋದು ಕಷ್ಟ. ಅಂದ್ರೆ ಐಫೋನ್ ಕೆಟ್ಟದ್ದು ಅಂತಲ್ಲ, ಜಾಸ್ತಿ ದುಡ್ಡಿಗೆ ಜಾಸ್ತಿ ಒಳ್ಳೇ ಫೋನು, ಅಷ್ಟೇ. ಉಳಿತಾಯ ಅಂತ ಹೇಳಿ ಅಪ್ಪನ್ನ ಒಪ್ಪಿಸೋದು ಬೇಡ, ಆಸೆ ಇದೆ ಅಂತ ನೇರವಾಗಿ ಕೇಳ್ಲಿ.

ಐದು ವರ್ಷ ಬಾಳಿಕೆ ಬರತ್ತೆ ಅನ್ನೋದು ಮಾತ್ರ ಸುಳ್ಳಲ್ಲ. 2019ರ ಐಫೋನ್ 11ಕ್ಕೂ ಐಓಎಸ್ 26 (ಐಫೋನಿನ ಸಾಫ್ಟ್‌ವೇರ್) ಬಂದಿದೆ. ಆದ್ರೆ ಇದು ಈಗ ಆಪಲ್ ಒಬ್ಬರದ್ದೇ ಸೊತ್ತಲ್ಲ, ಪಿಕ್ಸೆಲ್ 8ರಿಂದ ಗೂಗಲ್ಲೂ ಗ್ಯಾಲಕ್ಸಿ ಎಸ್24ರಿಂದ ಸ್ಯಾಮ್‌ಸಂಗೂ ಏಳು ವರ್ಷ ಅಪ್‌ಡೇಟ್ ಕೊಡ್ತೀವಿ ಅಂತ ಹೇಳಿಬಿಟ್ಟಿದಾರೆ.

ಇನ್ನು ನೋ ಕಾಸ್ಟ್ ಇಎಂಐ. ಝೀರೋ ಪರ್ಸೆಂಟ್ ಬಡ್ಡಿ ಅನ್ನೋದೇ ಇಲ್ಲ ಅಂತ ಆರ್‌ಬಿಐ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಈಗ ನಡೆಯೋದು ಏನಂದ್ರೆ ಬ್ಯಾಂಕು ಬಡ್ಡಿ ಹಾಕತ್ತೆ, ಅಷ್ಟೇ ಮೊತ್ತವನ್ನ ಕಂಪನಿನೋ ಅಂಗಡಿನೋ ಮುಂಚೆನೇ ಡಿಸ್ಕೌಂಟ್ ಅಂತ ಕಳೀತಾರೆ, ಸರಿಹೋಯ್ತು ಅನ್ಸತ್ತೆ, ಆದ್ರೆ ಕ್ರೆಡಿಟ್ ಕಾರ್ಡಾದ್ರೆ ಆ ಬಡ್ಡಿ ಮೇಲಿನ 18% ಜಿಎಸ್‌ಟಿ ನಿಮ್ಮ ತಲೆಗೇ. ಪ್ರೋಗೆ 12 ತಿಂಗಳು, ವರ್ಷಕ್ಕೆ 16% ಬಡ್ಡಿ ಅಂತ ಹಿಡಿದ್ರೆ ಒಟ್ಟು ಬಡ್ಡಿ 11 ಸಾವಿರದ ಹತ್ರ, ಅದರ ಜಿಎಸ್‌ಟಿನೇ 2 ಸಾವಿರದಷ್ಟಾಗತ್ತೆ, ಮೇಲೆ ಪ್ರೊಸೆಸಿಂಗ್ ಫೀ. ಅದು ಹೋಗ್ಲಿ ಬಿಡಿ, ದೊಡ್ಡ ವಿಷಯ ಅಲ್ಲ. ದೊಡ್ಡ ವಿಷಯ ಏನಂದ್ರೆ ತಿಂಗಳಿಗೆ 11,242 ಕಂತು, ನಿಮ್ಮ ಸಂಬಳದ ಕಾಲು ಭಾಗ ಹತ್ತತ್ರ, ವರ್ಷಪೂರ್ತಿ. ಮೇಲೆ ಹಾಸ್ಟೆಲ್, ಫೀಸು. ಇಂಜಿನಿಯರಿಂಗ್ ಹುಡುಗನಿಗೆ ಮೊದ್ಲು ಬೇಕಾಗೋದು ಲ್ಯಾಪ್‌ಟಾಪು. ಒಳ್ಳೇ ಲ್ಯಾಪ್‌ಟಾಪು, 25 ಸಾವಿರದ ಫೋನು ಎರಡೂ ಸೇರಿ ಪ್ರೋ ಬೆಲೆಗಿಂತ ಕಮ್ಮಿನಲ್ಲೇ ಮುಗಿಯತ್ತೆ. ನನ್ನ ಕೇಳಿದ್ರೆ ಪ್ರೋ ಬೇಡ.

ಪ್ರಶ್ನೆ: ನಮ್ಮ ಪಕ್ಕದ ನರಸಾಪುರದಲ್ಲೇ ಐಫೋನ್ ತಯಾರಾಗತ್ತೆ, ನಮ್ಮೂರ ಹುಡುಗೀರೇ ಶಿಫ್ಟಿಗೆ ಹೋಗ್ತಾರೆ. ಆದ್ರೂ ಅಮೆರಿಕಕ್ಕಿಂತ ನಮಗೇ ಯಾಕೆ ದುಬಾರಿ? (ಕೋಲಾರ)

ಇದು ನನಗೆ ಇಷ್ಟವಾದ ಪ್ರಶ್ನೆ, ಯಾಕಂದ್ರೆ ಸಿಟ್ಟು ನ್ಯಾಯವಾದದ್ದೇ, ಆದ್ರೆ ಎಲ್ಲಾ ಮಾಡೆಲ್‌ಗೂ ಅನ್ವಯ ಆಗಲ್ಲ.

ಕರ್ನಾಟಕದಲ್ಲಿ ಐಫೋನ್ ಜೋಡಣೆ ಶುರುವಾಗಿದ್ದು 2017ರಲ್ಲಿ, ಪೀಣ್ಯದಲ್ಲಿದ್ದ ತೈವಾನ್ ಕಂಪನಿ ವಿಸ್ಟ್ರಾನ್‌ನಲ್ಲಿ ಐಫೋನ್ ಎಸ್ಇ. ಆಮೇಲೆ ಅವರದ್ದೇ ನರಸಾಪುರದ ಫ್ಯಾಕ್ಟರಿ ಬಂತು, 2023ರಲ್ಲಿ ಅದನ್ನ ಟಾಟಾದವರು ತಗೊಂಡ್ರು, ಈಗ ದೇವನಹಳ್ಳಿ ಹತ್ರ ಇನ್ನೊಂದು ತೈವಾನ್ ಕಂಪನಿ ಫಾಕ್ಸ್‌ಕಾನ್ ಕೂಡ ಇದೆ. ಇಲ್ಲೇ ಜೋಡಿಸಿದ್ರೆ ಪೂರ್ತಿ ಫೋನಿಗೆ ಬೀಳೋ ಆಮದು ಸುಂಕ ತಪ್ಪತ್ತೆ (ಅದು 20% ಇತ್ತು, 2024ರ ಜುಲೈ ಬಜೆಟ್‌ನಲ್ಲಿ 15%ಗೆ ಇಳಿಸಿದ್ರು). ಆದ್ರೆ ಚಿಪ್ಪು, ಕ್ಯಾಮೆರಾ ಎಲ್ಲಾ ಹೊರಗಿಂದಲೇ ಬರೋದು, ಜೋಡಿಸೋ ಕೂಲಿ ಇಡೀ ಫೋನಿನ ಬೆಲೆಯಲ್ಲಿ ಚೂರು ಪಾಲು, ನರಸಾಪುರದಲ್ಲಿ ಆ ಕೂಲಿ ಕಮ್ಮಿ ಆಯ್ತು ಅಂತ ಡಬ್ಬಿ ಮೇಲಿನ ರೇಟು ಇಳಿಯಲ್ಲ.

ಈಗ ಬಿಲ್ಲು ಬಿಚ್ಚಿ ನೋಡೋಣ. 82,900ರಲ್ಲಿ 18% ಜಿಎಸ್‌ಟಿ ಸೇರಿದೆ, ತೆಗೆದ್ರೆ ಉಳಿಯೋದು 70,254. ಅಮೆರಿಕದಲ್ಲಿ ಇದೇ ಫೋನು 799 ಡಾಲರ್, ಅಲ್ಲಿ ತೋರಿಸೋ ಬೆಲೆಯಲ್ಲಿ ಟ್ಯಾಕ್ಸ್ ಸೇರಿರಲ್ಲ, ಡಾಲರ್‌ಗೆ 88 ರೂಪಾಯಿ ಅಂತ ಹಿಡಿದ್ರೆ 70,312. ಅಂದ್ರೆ ಮಾಮೂಲಿ 17ನ್ನ ಆಪಲ್ ನಮಗೆ ಅಲ್ಲಿನ ರೇಟಿಗೇ ಕೊಡ್ತಿದೆ, ಜಾಸ್ತಿ ಆಗ್ತಿರೋದು ನಮ್ಮ ಟ್ಯಾಕ್ಸು. ಮೊಬೈಲ್ ಮೇಲಿನ ಜಿಎಸ್‌ಟಿ 12 ಇದ್ದದ್ದು 18 ಆಗಿದ್ದು 2020ರ ಏಪ್ರಿಲ್‌ನಲ್ಲಿ, ಅವತ್ತಿಂದ ಇಳಿದಿಲ್ಲ.

ಇದೇ ಲೆಕ್ಕ ಪ್ರೋಗೆ ಹಾಕಿ. 1,34,900ರಿಂದ ಜಿಎಸ್‌ಟಿ ತೆಗೆದ್ರೆ 1,14,322. ಅಲ್ಲಿ 1,099 ಡಾಲರ್, ಅಂದ್ರೆ 96,712. ಟ್ಯಾಕ್ಸ್ ಬಿಟ್ಟೂ ಹದಿನೇಳೂವರೆ ಸಾವಿರ ಜಾಸ್ತಿ! ಈ ಗಿರಾಕಿ ಹೇಗಿದ್ರೂ ಕೊಡ್ತಾನೆ ಅನ್ನೋ ಧೈರ್ಯ ಅದು, ನನಗಂತೂ ಬೇರೆ ಕಾರಣ ಕಾಣಲ್ಲ. ಇನ್ನೊಂದು ಕಡೆ ಮಾಮೂಲಿ ಮಾಡೆಲ್ ನೋಡಿ, 13, 14, 15, 16 ನಾಲ್ಕಕ್ಕೂ ಲಾಂಚ್ ಬೆಲೆ ಒಂದೇ, 79,900. ಈ ಸಲ 3 ಸಾವಿರ ಏರಿಸಿದ್ರು ನಿಜ, ಆದ್ರೆ 128 ಇದ್ದ ಸ್ಟೋರೇಜು 256 ಆಯ್ತು, ಕೊನೆಗೂ 120 ಹರ್ಟ್ಸ್ ಸ್ಕ್ರೀನ್ (ಸ್ಕ್ರೋಲ್ ಮಾಡಿದ್ರೆ ನಯವಾಗಿ ಓಡೋದು) ಕೊಟ್ರು. 15 ಸಾವಿರದ ಫೋನಲ್ಲೂ ಇದ್ದ ಫೀಚರ್ರು 80 ಸಾವಿರದ 16ರಲ್ಲಿ ಇರ್ಲಿಲ್ಲ, 16 ಬಂದಾಗ ಇದೇ ಪ್ರಶ್ನೆ ಕೇಳಿದ್ರೆ ಮಾಮೂಲಿ ಐಫೋನ್ ಬೇಡ ಅಂತಿದ್ದೆ. ಈ ಸಲ ಮಾಮೂಲಿಗೆ ದುಡ್ಡಿಗೆ ಮೋಸ ಇಲ್ಲ ಅಂತೀನಿ. ಪ್ರೋಗೆ ಅನ್ನಲ್ಲ.

ಪ್ರಶ್ನೆ: ಸರ, ನಮ್ಮ ಕಾಕಾನ ಮಗ ಡಲ್ಲಾಸ್‌ನ್ಯಾಗ ಇರ್ತಾನ್ರಿ, ಮುಂದಿನ ತಿಂಗಳ ಊರಿಗೆ ಬರಾಕತ್ತಾನ. ಅಲ್ಲಿ ಸ್ವಸ್ತ ಸಿಗತೈತಿ, ತರ್ತೀನಿ ಅಂತಾನ. ತರಿಸ್ಕೊಳ್ಳೋದು ಛಲೋನೋ, ಇಲ್ಲೇ ತಗೊಳ್ಳೋದು ಛಲೋನೋ? (ಹುಬ್ಬಳ್ಳಿ)

ಅಣ್ಣಾ, ಯಾವ ಮಾಡೆಲ್ ಅನ್ನೋದರ ಮೇಲಿದೆ. ಡಲ್ಲಾಸ್‌ನಲ್ಲಿ 8.25% ಸೇಲ್ಸ್ ಟ್ಯಾಕ್ಸು, ಮಾಮೂಲಿ 17 ಅಲ್ಲಿ ಸೇರಿಸಿ 865 ಡಾಲರ್, ನಮ್ಮ ದುಡ್ಡಲ್ಲಿ 76 ಸಾವಿರ ಚಿಲ್ಲರೆ. ಉಳಿಯೋದು 7 ಸಾವಿರಕ್ಕೂ ಕಮ್ಮಿ, ಇಲ್ಲಿ ಒಳ್ಳೇ ಕಾರ್ಡ್ ಆಫರ್ ಸಿಕ್ರೆ ಅದರಲ್ಲೂ ಮುಕ್ಕಾಲು ಹೋಯ್ತು. ಪ್ರೋ ಆದ್ರೆ ಸುಮಾರು 30 ಸಾವಿರ ಉಳಿಯತ್ತೆ, ಆಗ ಯೋಚನೆ ಮಾಡಬಹುದು.

ಆದ್ರೆ ಒಂದು ಮಾತು. ಅಮೆರಿಕದ ಐಫೋನಿಗೆ 2022ರ 14ರಿಂದ ಈಚೆಗೆ ಸಿಮ್ ಹಾಕೋ ಜಾಗಾನೇ ಇಲ್ಲ, ಪೂರ್ತಿ ಇ-ಸಿಮ್, ಅಂದ್ರೆ ಫೋನಿನೊಳಗೇ ಇರೋ, ತೆಗೆಯೋಕಾಗದ ಸಿಮ್. ಸಿಮ್ ತೆಗೆದು ಅಪ್ಪನ ಫೋನಿಗೆ ಹಾಕೋದು, ಹೊಲಕ್ಕೆ ಹೋಗುವಾಗ ಕೀಪ್ಯಾಡ್ ಸೆಟ್‌ಗೆ ಹಾಕೋದು, ಇಂಥ ಅಭ್ಯಾಸ ಇದ್ರೆ ದಿನಾ ಬೈಕೋತೀರಿ. ಇನ್ನೊಂದು, ಅಲ್ಲಿ ನೆಟ್‌ವರ್ಕ್ ಕಂಪನಿಯವರ ಕಂತಿನ ಮೇಲೆ ಕೊಡೋ ಫೋನು ಲಾಕ್ ಆಗಿರತ್ತೆ, ನಮ್ಮ ಸಿಮ್ ನಡೆಯಲ್ಲ, ಹಾಗಾಗಿ ಅನ್‌ಲಾಕ್ಡ್ ಅಂತ ಕೇಳೇ ತಗೋಳಕ್ಕೆ ಹೇಳಿ. ಬ್ಯಾಗೇಜ್‌ನಲ್ಲಿ ಡ್ಯೂಟಿ ಇಲ್ಲದೆ ತರೋಕೂ ಒಂದು ಮಿತಿ ಇದೆ, ಏರ್‌ಪೋರ್ಟ್‌ನಲ್ಲಿ ಹಿಡಿದ್ರೆ ಕಾಕಾನ ಮಗನ ಮುಖ ನೋಡೋಕಾಗಲ್ಲ.

ಪ್ರಶ್ನೆ: ನನ್ನ ಹತ್ರ ಐಫೋನ್ 13 ಇದೆ, ಬ್ಯಾಟರಿ ಹೆಲ್ತ್ 79%, ಸಂಜೆ ಅಷ್ಟೊತ್ತಿಗೆ ಸತ್ತೋಗತ್ತೆ. 17ಕ್ಕೆ ಹೋಗ್ಲಾ? (ಮೈಸೂರು)

ಬೇಡ, ಬ್ಯಾಟರಿ ಹಾಕಿಸಿ. 13ರ ಬ್ಯಾಟರಿ 500 ಸಲ ಪೂರ್ತಿ ಚಾರ್ಜ್ ಆಗೋವರೆಗೆ 80% ಉಳಿಯೋ ಹಾಗೆ ಮಾಡಿರೋದು ಅಂತ ಆಪಲ್ಲೇ ಹೇಳತ್ತೆ (15ರಿಂದ ಅದು 1,000 ಸಲ), ಅದರ ಆಯಸ್ಸು ಮುಗಿದಿದೆ, ಫೋನಿಂದಲ್ಲ. ಆಥರೈಸ್ಡ್ ಸರ್ವಿಸ್ ಸೆಂಟರ್‌ನಲ್ಲೇ ಹಾಕಿಸಿ, ಹೊಸ ಫೋನಿನ ಬೆಲೆ ಮುಂದೆ ಆ ಖರ್ಚು ಏನೂ ಅಲ್ಲ. ಅಂಗಡಿಗೆ ಹೋಗಿ 17ರ ಸ್ಕ್ರೀನ್ ಮಾತ್ರ ಮುಟ್ಟಿ ನೋಡಬೇಡಿ, ಆಮೇಲೆ ನಿಮ್ಮ ಫೋನು ನಿಧಾನ ಅನ್ಸತ್ತೆ.

ಪ್ರಶ್ನೆ: ಬಜೆಟ್ 80 ಸಾವಿರ. ಈಗಿರೋದು ಹಳೇ ಸ್ಯಾಮ್‌ಸಂಗ್. ಐಫೋನ್ 17, ಗ್ಯಾಲಕ್ಸಿ ಎಸ್25, ಪಿಕ್ಸೆಲ್ 10, ಮೂರರಲ್ಲಿ ಯಾವುದು? ಮಗಳು ಭರತನಾಟ್ಯ ಮಾಡ್ತಾಳೆ, ಫೋಟೋ ವಿಡಿಯೋನೇ ಮುಖ್ಯ. (ಮಂಗಳೂರು)

ಮೇಡಂ, ಮೂರರ ಲಾಂಚ್ ಬೆಲೆನೂ 80 ಸಾವಿರದ ಆಚೀಚೆ, 79,999ರಿಂದ 82,900ರ ಒಳಗೆ. ಯಾವುದೂ ಕೆಟ್ಟದ್ದಿಲ್ಲ. ಆದ್ರೆ ನೀವು ಭರತನಾಟ್ಯ ಅಂದಿದ್ದೇ ಒಳ್ಳೇದಾಯ್ತು, ಅಲ್ಲೇ ಉತ್ತರ ಇದೆ.

ಟೌನ್‌ಹಾಲ್‌ನಲ್ಲಿ ಎಂಟನೇ ಸಾಲಲ್ಲಿ ಕೂತಿದೀರಿ, ಸ್ಟೇಜ್ ಮೇಲೆ ಹಳದಿ ಲೈಟು, ಹಿಂದೆ ಕಪ್ಪು ಪರದೆ, ಮಗಳ ಮುಖದ ಅಭಿನಯ ಬೇಕು. ಐಫೋನ್ 17ರಲ್ಲಿ ದೂರದ್ದನ್ನ ಹತ್ತಿರ ಎಳೆಯೋ ಟೆಲಿಫೋಟೋ ಲೆನ್ಸೇ ಇಲ್ಲ, ಮೇನ್ ಕ್ಯಾಮೆರಾದ 48 ಮೆಗಾಪಿಕ್ಸೆಲ್‌ನ ನಡುವಿನ ಭಾಗ ಕತ್ತರಿಸಿ 2ಎಕ್ಸ್ (ಎರಡು ಪಟ್ಟು) ಝೂಮ್ ಕೊಡತ್ತೆ, ಅದರಾಚೆ ಎಳೆದ್ರೆ ಕಣ್ಣು ಹುಬ್ಬು ಎಲ್ಲಾ ಕಲಸಿಹೋಗತ್ತೆ. ಎಸ್25ರಲ್ಲಿ 3ಎಕ್ಸ್ ಲೆನ್ಸ್ ಇದೆ, ಪಿಕ್ಸೆಲ್ 10ರಲ್ಲಿ 5ಎಕ್ಸ್. ಸ್ಟೇಜಿನ ಸ್ಟಿಲ್ ಫೋಟೋ ಮುಖ್ಯ ಅಂದ್ರೆ ಪಿಕ್ಸೆಲ್. ಆದ್ರೆ ವಿಡಿಯೋ ಅಂದ್ರೆ ನಾನು ಈಗ್ಲೂ ಐಫೋನ್ ಕಡೆಗೇ, ಬಣ್ಣ ಮಧ್ಯದಲ್ಲಿ ಬದಲಾಗಲ್ಲ, ಓಡಾಡಿದ್ರೂ ಜಂಪ್ ಹೊಡೆಯಲ್ಲ, ಇನ್‌ಸ್ಟಾಗೆ ಹಾಕಿದಾಗ್ಲೂ ಚೆನ್ನಾಗಿ ಹೋಗತ್ತೆ. ಹತ್ತಿರ ಕೂರೋ ಅವಕಾಶ ಇದ್ರೆ 17, ಇಲ್ಲಾಂದ್ರೆ ಪಿಕ್ಸೆಲ್.

ಐಫೋನ್‌ಗೆ ಹೋಗೋದಾದ್ರೆ ನಾಲ್ಕು ಕಿರಿಕಿರಿ ಮೊದ್ಲೇ ಗೊತ್ತಿರ್ಲಿ. ಕಾಲ್ ರೆಕಾರ್ಡ್ ಒತ್ತಿದ ತಕ್ಷಣ ಎರಡೂ ಕಡೆಗೆ ಕೇಳೋ ಹಾಗೆ ರೆಕಾರ್ಡ್ ಆಗ್ತಿದೆ ಅಂತ ಕೂಗತ್ತೆ, ಸ್ಯಾಮ್‌ಸಂಗ್ ಥರ ಸದ್ದಿಲ್ಲದೆ ಆಗಲ್ಲ. ಗೂಗಲ್ ಆನ್‌ಲೈನ್ ಸ್ಟೋರೇಜು 15 ಜಿಬಿ ಫ್ರೀ ಕೊಟ್ರೆ ಆಪಲ್‌ನ ಐಕ್ಲೌಡ್‌ನಲ್ಲಿ 5 ಜಿಬಿ, ಡ್ಯಾನ್ಸ್ ವಿಡಿಯೋಗೆ ಒಂದು ವಾರಕ್ಕೂ ಸಾಲಲ್ಲ, ತಿಂಗಳು ತಿಂಗಳು ದುಡ್ಡು ಕಟ್ಟೋದು ಗ್ಯಾರಂಟಿ. ಡಬ್ಬಿಯಲ್ಲಿ ಚಾರ್ಜರ್ ಇಲ್ಲ, ಅದು ಈ ಮೂರರಲ್ಲೂ ಇಲ್ಲ. ಮತ್ತೆ ವಾಟ್ಸಾಪ್ ಹಳೇ ಚಾಟ್ ಬೇಕಂದ್ರೆ ಹೊಸ ಐಫೋನ್ ಮೊದಲ ಸಲ ಆನ್ ಮಾಡಿ ಸೆಟಪ್ ಮಾಡುವಾಗಲೇ 'ಮೂವ್ ಟು ಐಓಎಸ್' ಆ್ಯಪ್‌ನಿಂದ ತರಬೇಕು. ಆಮೇಲೆ ನೋಡ್ಕೊಳ್ಳೋಣ ಅಂತ ಸ್ಕಿಪ್ ಮಾಡಿ ಒಂದು ವಾರ ಬಳಸಿಬಿಟ್ಟು ಬರೋರು ಜಾಸ್ತಿ, ಆಗ ಫೋನ್ ಪೂರ್ತಿ ರೀಸೆಟ್ ಹೊಡೀಬೇಕಾಗತ್ತೆ.

ಪ್ರಶ್ನೆ: ಹೊಸದು ಆಗಲ್ಲ ಸರ್, ಸೆಕೆಂಡ್ ಹ್ಯಾಂಡ್ ಐಫೋನ್ ತಗೋಬೇಕು ಅಂತಿದೀನಿ. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ಗೆ ಹೋಗ್ಲಾ? ಏನೇನು ನೋಡ್ಬೇಕು? (ತುಮಕೂರು)

ಎಲ್ಲಿ ಬೇಕಾದ್ರೂ ಹೋಗು, ಬಿಲ್ಲು ಇಲ್ಲದ್ದು ಮಾತ್ರ ಬೇಡ. 11 ಬೇಡ, ಅದು 4ಜಿ ಫೋನು, 13 ಅಥವಾ ಅದರ ಮೇಲಿನದ್ದು ನೋಡು.

ಕೈಗೆ ಬಂದ ತಕ್ಷಣ ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿ ಐಎಂಇಐ (ಫೋನಿನ ಗುರುತಿನ ನಂಬರ್) ತೆಗಿ, KYM ಅಂತ ಇಂಗ್ಲಿಷ್ ಕ್ಯಾಪಿಟಲ್ ಅಕ್ಷರದಲ್ಲಿ ಟೈಪ್ ಮಾಡಿ ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಮೆಸೇಜ್ ಕಳಿಸು. ಕದ್ದ ಫೋನು ಅಂತ ಕಂಪ್ಲೇಂಟ್ ಆಗಿ ಬ್ಲಾಕ್ ಆಗಿದ್ರೆ ಅಲ್ಲೇ ಗೊತ್ತಾಗತ್ತೆ. ಆಮೇಲೆ ಸೆಟ್ಟಿಂಗ್ಸ್, ಜನರಲ್, ಅಬೌಟ್. ಅಲ್ಲಿ ಮಾಡೆಲ್ ನಂಬರ್‌ನ ಮೊದಲ ಅಕ್ಷರ ನೋಡು, ಎಂ ಅಂದ್ರೆ ಹೊಸದಾಗಿ ಮಾರಿದ್ದು, ಎಫ್ ಅಂದ್ರೆ ರಿಫರ್ಬಿಶ್ಡ್ (ಸರಿಮಾಡಿ ಮತ್ತೆ ಮಾರಿದ್ದು), ಎನ್ ಅಂದ್ರೆ ಸರ್ವಿಸ್‌ನಲ್ಲಿ ಬದಲಾಯಿಸಿ ಕೊಟ್ಟ ಪೀಸು. ಅದೇ ಪೇಜ್‌ನಲ್ಲಿ 'ಪಾರ್ಟ್ಸ್ ಅಂಡ್ ಸರ್ವಿಸ್ ಹಿಸ್ಟರಿ' ಅಂತ ಕಂಡ್ರೆ ಏನೋ ಬಿಚ್ಚಿದಾರೆ ಅಂತ ಅರ್ಥ, ಡಿಸ್‌ಪ್ಲೇ ಮುಂದೆ 'ಅನ್‌ನೋನ್ ಪಾರ್ಟ್' ಅಂತಿದ್ರೆ ಲೋಕಲ್ ಸ್ಕ್ರೀನು, ರೇಟು ಅದಕ್ಕೆ ತಕ್ಕ ಹಾಗೆ ಇಳಿಸು ಇಲ್ಲಾ ಎದ್ದು ಬಾ.

ಸಿಮ್ ಟ್ರೇ ಎಳೆದು ಆ ಸಂದಿಗೆ ಟಾರ್ಚ್ ಬಿಡು. ಒಳಗೆ ಸಣ್ಣ ಬಿಳಿ ಪಟ್ಟಿ ಇರತ್ತೆ, ನೀರು ತಾಗಿದ್ರೆ ಕೆಂಪಾಗಿರತ್ತೆ. ಕೆಂಪಿದ್ರೆ ಎಷ್ಟೇ ಕಮ್ಮಿ ಹೇಳಿದ್ರೂ ಬೇಡ, ಇವತ್ತು ನಡೆಯತ್ತೆ, ಮೂರು ತಿಂಗಳಿಗೆ ಒಳಗೆ ಹಸಿರು ತುಕ್ಕು ಹಿಡಿದು ನನ್ನಂಥೋರ ಟೇಬಲ್ ಮೇಲೆ ಬರತ್ತೆ, ಬೋರ್ಡು ಹೋಗಿದ್ರೆ ನಾವೂ ಏನೂ ಮಾಡಕ್ಕಾಗಲ್ಲ. ಬ್ಯಾಟರಿ 80ರ ಕೆಳಗಿದ್ರೆ ಹೊಸ ಬ್ಯಾಟರಿ ಖರ್ಚು ಕಳೆದು ರೇಟ್ ಮಾತಾಡು. ಹಿಂದಿನ ಗಾಜು ಬೆರಳಲ್ಲಿ ಸವರಿ ನೋಡು, 13ರಲ್ಲಿ ಅದು ಫ್ರೇಮ್‌ಗೆ ಅಂಟಿಸಿರೋದು, ಒಡೆದಿದ್ರೆ ಲೇಸರ್ ಹಿಡಿದು ಕೆರೆದು ತೆಗೀಬೇಕು, ಮಾಮೂಲಿ 14ರಲ್ಲಿ ಆದ್ರೆ ಬಿಚ್ಚಿ ಹಾಕಬಹುದು.

ದುಡ್ಡು ಕೊಡೋ ಮುಂಚೆ ಮಾರೋನ ಕೈಲೇ 'ಫೈಂಡ್ ಮೈ' (ಕಳೆದ ಫೋನ್ ಹುಡುಕೋ, ಲಾಕ್ ಮಾಡೋ ಸೌಲಭ್ಯ) ಆಫ್ ಮಾಡ್ಸು, ಅವನ ಆಪಲ್ ಪಾಸ್‌ವರ್ಡ್ ಕೇಳತ್ತೆ, ನೆನಪಿಲ್ಲ ಅಂದ್ರೆ ವ್ಯವಹಾರ ಅಲ್ಲಿಗೇ ಬಿಡು. ಹಾಕಿದ್ರೆ, ರೀಸೆಟ್ ಮಾಡ್ಸಿ, ನಿನ್ನ ಸಿಮ್ ಹಾಕಿ, ನಿನ್ನ ಅಕೌಂಟ್ ಲಾಗಿನ್ ಆದ್ಮೇಲೇ ಯುಪಿಐ ತೆಗಿ.